ಗುದ್ದಲಿಯ ಕಾವು ಮತ್ತು ಇಂಪ್ಲಾಂಟ್ ಹಲ್ಲು: ಯಾವ ತುದಿ ಕಂಪನಿಯದಾಗಿರಬೇಕು, ಯಾವ ತುದಿ ನಿಮ್ಮ ಅಳತೆಯದಾಗಿರಬೇಕು

ಹೋದ ಮಳೆಗಾಲದಲ್ಲಿ ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ನಮ್ಮ ಕ್ಲಿನಿಕ್‌ಗೆ ಬಂದಿದ್ದರು. ಅರವತ್ತು ದಾಟಿದವರು. ಕೆಳದವಡೆಯ ಬಲಗಡೆ ಇಂಪ್ಲಾಂಟ್ ಹಾಕಿಸಿಕೊಂಡು ನಾಲ್ಕು ವರ್ಷವಾಗಿತ್ತು. “ನೋವೇನಿಲ್ಲ ಡಾಕ್ಟ್ರೇ, ಉಣ್ಣುವಾಗ ಹಲ್ಲು ಒಂಚೂರು ಆಡ್ತದೆ. ಗುದ್ದಲಿ ಕಾವು ಸಡಿಲಾದ ಹಂಗೆ” ಎಂದರು. ಎಕ್ಸ್-ರೇ ತೆಗೆದೆ. ಮೂಳೆಯೊಳಗಿನ ಇಂಪ್ಲಾಂಟ್ ಗಟ್ಟಿಯಾಗಿತ್ತು, ಸುತ್ತಲಿನ ಮೂಳೆಯೂ ಚೆನ್ನಾಗಿತ್ತು. ಆಡುತ್ತಿದ್ದದ್ದು ಅದರ ಮೇಲೆ ಕೂರಿಸಿದ ಭಾಗ. ಅವರು ಕೊಟ್ಟ ಹೋಲಿಕೆಗಿಂತ ಸರಿಯಾದ ರೋಗನಿರ್ಣಯ ನನ್ನಿಂದಲೂ ಸಾಧ್ಯವಿರಲಿಲ್ಲ.

ಕ್ಯಾಪಿನ ಮೇಲಿನ ಫಿಲ್ಲಿಂಗ್ ಕೊರೆದು, ಒಳಗೆ ತುಂಬಿದ್ದ ಬಿಳಿ ಟೆಫ್ಲಾನ್ ಟೇಪನ್ನು ಎಳೆದು ತೆಗೆದಾಗ ಸ್ಕ್ರೂವಿನ ತಲೆ ಕಾಣಿಸಿತು. 1.20 ಮಿ.ಮೀ. ಡ್ರೈವರ್ ಹಾಕಿದರೆ ಸುಮ್ಮನೆ ತಿರುಗಿತು. 1.25ರದ್ದು ಕೂತಿತು, ಆದರೆ ಹಿಡಿಯಲಿಲ್ಲ. ಯಾರೋ ಮೊದಲೇ ಹೊಂದದ ಡ್ರೈವರ್‌ನಲ್ಲಿ ತಿರುಗಿಸಲು ಹೋಗಿ ಆರೂ ಮೂಲೆಗಳನ್ನು ಸವೆಸಿಬಿಟ್ಟಿದ್ದರು. ಆ ಒಂದು ಸ್ಕ್ರೂ ಬಿಚ್ಚಲು ಮುಕ್ಕಾಲು ಗಂಟೆ ಹಿಡಿಯಿತು. ಯಾವ ಕಂಪನಿಯ ಇಂಪ್ಲಾಂಟ್ ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ, ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಹಾಕಿದ ವೈದ್ಯರು ಊರು ಬಿಟ್ಟಿದ್ದರು.

ಹೊರಗೆ ಬಂದ ತುಣುಕನ್ನು ಭೂತಗನ್ನಡಿಯಡಿ ಹಿಡಿದು ನೋಡಿದೆ. ಅದರ ಮೇಲ್ಭಾಗ ಬಹಳ ಚೆನ್ನಾಗಿತ್ತು: ಕಂಪ್ಯೂಟರ್‌ನಲ್ಲಿ ಅವರ ವಸಡಿನ ಅಳತೆಗೇ ರೂಪಿಸಿ ಕಡೆದದ್ದು, ನಯವಾದದ್ದು. ಕೆಳಗಿನ ಷಟ್ಕೋನದ ಒಂದು ಮಗ್ಗುಲು ಮಾತ್ರ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಎದುರಿನ ಮಗ್ಗುಲು ಇಂಪ್ಲಾಂಟ್‌ನ ಗೋಡೆಯನ್ನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಮುಟ್ಟಿದಂತಿರಲಿಲ್ಲ. “ಕಸ್ಟಮ್ ಅಂತ ಹೇಳಿ ಜಾಸ್ತಿ ದುಡ್ಡು ತಗೊಂಡಿದ್ರು” ಎಂದರು ಅವರು, ಬೇಸರದಿಂದ.

ಸಿದ್ಧ ಭಾಗವೋ, ಅಳತೆಗೆ ಮಾಡಿಸಿದ ಭಾಗವೋ ಎಂಬ ಚರ್ಚೆ ನಮ್ಮ ವೃತ್ತಿಯಲ್ಲಿ ಬಹಳ ದಿನದಿಂದ ನಡೆದಿದೆ. ಈಗ ಅದು ರೋಗಿಗಳ ಮುಂದೆಯೂ ಬಂದಿದೆ, ಏಕೆಂದರೆ ಖರ್ಚಿನ ಪಟ್ಟಿಯಲ್ಲಿ ‘ಕಸ್ಟಮ್’ ಎಂಬ ಸಾಲು ಬೇರೆಯಾಗಿ ಕಾಣತೊಡಗಿದೆ. ಆದರೆ ಪ್ರಶ್ನೆಯನ್ನು ಕೇಳುವ ರೀತಿಯೇ ತಪ್ಪಾಗಿದೆ ಎಂದು ನನಗೆ ಅನ್ನಿಸುತ್ತದೆ. ಗುದ್ದಲಿಯ ಕಾವಿಗೆ ಎರಡು ತುದಿ. ಕೈ ಹಿಡಿಯುವ ತುದಿ ಆಳಿನ ಎತ್ತರಕ್ಕೆ, ಅಂಗೈಗೆ ಒಗ್ಗಬೇಕು. ಕಬ್ಬಿಣದೊಳಗೆ ಹೋಗುವ ತುದಿ ಆ ಕಬ್ಬಿಣದ ತೂತಿಗೇ ಹೊಂದಬೇಕು, ಅಲ್ಲಿ ಆಳಿನ ಅಳತೆಗೆ ಕೆಲಸವಿಲ್ಲ. ಹಲ್ಲಿನಲ್ಲೂ ಅಷ್ಟೇ. ವಸಡಿನ ಕಡೆಯ ತುದಿ ಆ ವ್ಯಕ್ತಿಯದಾಗಿರಬೇಕು, ಇಂಪ್ಲಾಂಟ್‌ನೊಳಗೆ ಕೂರುವ ತುದಿ ಆ ಇಂಪ್ಲಾಂಟ್ ಮಾಡಿದ ಕಾರ್ಖಾನೆಯ ಅಳತೆಯದಾಗಿರಬೇಕು. ಈ ಎರಡನ್ನೂ ಒಂದೇ ಶಬ್ದದಲ್ಲಿ ಕಟ್ಟಿ ಮಾರುವುದರಿಂದಲೇ ತೊಂದರೆಗಳು ಶುರುವಾಗುತ್ತವೆ.

ಮೊದಲು ಭಾಗಗಳ ಪರಿಚಯ. ಜನ ‘ಸ್ಕ್ರೂ ಹಲ್ಲು’ ಎನ್ನುವುದು ಒಂದು ವಸ್ತುವಲ್ಲ. ಮೂಳೆಯೊಳಗೆ ಹೋಗುವ ಟೈಟಾನಿಯಂ ಬೇರು ಒಂದು, ಅದನ್ನೇ ನಾವು ಇಂಪ್ಲಾಂಟ್ ಎನ್ನುತ್ತೇವೆ. ಹೊರಗೆ ಕಾಣುವ ಹಲ್ಲು, ಅಂದರೆ ಕ್ಯಾಪು, ಇನ್ನೊಂದು. ಇವೆರಡರ ನಡುವೆ, ವಸಡಿನ ದಪ್ಪವನ್ನು ದಾಟಿಕೊಂಡು ನಿಲ್ಲುವ ಕಂಬ ಅಬಟ್‌ಮೆಂಟ್. ಅಬಟ್‌ಮೆಂಟನ್ನು ಇಂಪ್ಲಾಂಟ್‌ಗೆ ಬಿಗಿಯುವುದು ಎರಡು ಮಿಲಿಮೀಟರ್ ಆಸುಪಾಸಿನ ದಪ್ಪದ ಪುಟ್ಟ ಸ್ಕ್ರೂ. ರೋಗಿಯ ಗಮನವೆಲ್ಲ ಬೇರಿನ ಮೇಲೆ, ಕ್ಯಾಪಿನ ಬಣ್ಣದ ಮೇಲೆ. ನಡುವಿನ ಕಂಬದ ಬಗ್ಗೆ ಯಾರೂ ಕೇಳುವುದಿಲ್ಲ. ನಾವೂ ನಾವಾಗಿಯೇ ಹೇಳುವುದು ಕಡಿಮೆ.

ಈ ಕಂಬದ ಇತಿಹಾಸ ಸ್ವಲ್ಪ ತಿಳಿದರೆ ಇಂದಿನ ಗೊಂದಲ ಅರ್ಥವಾಗುತ್ತದೆ. ಸ್ವೀಡನ್‌ನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತಸಂಚಾರ ನೋಡಲು ಟೈಟಾನಿಯಂ ಉಪಕರಣ ಇಟ್ಟಿದ್ದರು. ತೆಗೆಯಲು ಹೋದರೆ ಅದು ಮೂಳೆಗೆ ಬೆಸೆದುಕೊಂಡಿತ್ತು. 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬವರ ದವಡೆಗೆ ಅದೇ ಲೋಹದ ಇಂಪ್ಲಾಂಟ್ ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ನಾಲ್ಕು ದಶಕ, ಅವೇ ಇಂಪ್ಲಾಂಟ್‌ಗಳಲ್ಲಿ ಊಟ ಮಾಡಿದರು. ಆ ಕಾಲದ ಇಂಪ್ಲಾಂಟ್‌ನ ತಲೆಯ ಮೇಲೆ 0.7 ಮಿ.ಮೀ. ಎತ್ತರದ ಷಟ್ಕೋನವೊಂದಿತ್ತು. ಅದು ಹಲ್ಲನ್ನು ಹಿಡಿದಿಡಲು ಮಾಡಿದ್ದಲ್ಲ, ಇಂಪ್ಲಾಂಟನ್ನು ಮೂಳೆಯೊಳಗೆ ತಿರುಗಿಸಿ ಇಳಿಸಲು ಬೇಕಾದ ಹಿಡಿತ ಅಷ್ಟೇ. ಆಗಿನ ಕೆಲಸವೆಲ್ಲ ಒಂದೂ ಹಲ್ಲಿಲ್ಲದ ದವಡೆಗೆ. ಐದಾರು ಇಂಪ್ಲಾಂಟ್‌ಗಳನ್ನು ಸೇರಿಸಿ ಒಂದು ಪಟ್ಟಿ ಕಟ್ಟುತ್ತಿದ್ದರು. ಹಲ್ಲು ತಿರುಗುವ ಪ್ರಶ್ನೆಯೇ ಇರಲಿಲ್ಲ, ಅಂದಚೆಂದದ ಚಿಂತೆಯೂ ಕಡಿಮೆ. ಉರುಟಾದ ಸಿದ್ಧ ಕಂಬ ಸಾಕಾಗಿತ್ತು.

ಒಂದೇ ಹಲ್ಲು ಹೋದವರಿಗೆ ಇಂಪ್ಲಾಂಟ್ ಹಾಕಲು ಹೊರಟಾಗ ಸಮಸ್ಯೆ ಎದುರಾಯಿತು. ಸಿದ್ಧ ಕಂಬಗಳೆಲ್ಲ ದುಂಡಗೆ. ಹಲ್ಲುಗಳು ದುಂಡಗಿಲ್ಲ. ವಸಡಿನ ಮಟ್ಟದಲ್ಲಿ ಮೇಲಿನ ನಡುಹಲ್ಲನ್ನು ಅಡ್ಡಕ್ಕೆ ಕೊಯ್ದರೆ ಹೆಚ್ಚುಕಡಿಮೆ ತ್ರಿಕೋನ, ಕೋರೆಹಲ್ಲಿನ ಹಿಂದಿನವು ಚಪ್ಪಟೆ ಮೊಟ್ಟೆಯಾಕಾರ, ದವಡೆಹಲ್ಲು ಮೂಲೆ ಸವೆದ ಚೌಕ. ಇಂಪ್ಲಾಂಟ್‌ನ ವ್ಯಾಸ ನಾಲ್ಕು ಮಿ.ಮೀ. ಸುತ್ತಮುತ್ತ ಇರುತ್ತದೆ, ದವಡೆಹಲ್ಲಿನ ಅಗಲ ಹತ್ತರ ಆಸುಪಾಸು. ನಾಲ್ಕರಿಂದ ಹತ್ತಕ್ಕೆ ಹಿಗ್ಗುವ ಕೆಲಸ ವಸಡಿನೊಳಗಿನ ಆ ಮೂರ್ನಾಲ್ಕು ಮಿ.ಮೀ. ಎತ್ತರದಲ್ಲೇ ಆಗಬೇಕು. ಸಿದ್ಧ ಕಂಬ ಕೊಳವೆಯ ಹಾಗೆ ನೇರ ಎದ್ದು ನಿಂತರೆ ಕ್ಯಾಪು ಕಡ್ಡಿಯ ಮೇಲಿನ ಅಣಬೆಯಂತಾಗುತ್ತದೆ, ಅಡಿಯಲ್ಲಿ ಅನ್ನ ಸೇರುತ್ತದೆ. ಅಡಿಕೆ ಎಲೆ ಹಾಕುವವರಾದರೆ ಚೂರುಗಳೆಲ್ಲ ಅಲ್ಲೇ.

1980ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದಕ್ಕೊಂದು ದಾರಿ ತೋರಿಸಿದರು. ಅದಕ್ಕೇ ಆ ತುಣುಕಿಗೆ ಯುಸಿಎಲ್ಎ ಅಬಟ್‌ಮೆಂಟ್ ಎಂಬ ಹೆಸರು. ಪ್ಲಾಸ್ಟಿಕ್ ಕೊಳವೆಯ ಮೇಲೆ ಮೇಣದಲ್ಲಿ ಬೇಕಾದ ಆಕಾರ ಕಟ್ಟಿ, ಲೋಹ ಎರಕ ಹೊಯ್ಯುವುದು. ನಮ್ಮ ಊರುಗಳಲ್ಲಿ ಚಿನ್ನದ ಕೆಲಸದವರು ಮೇಣದ ಅಚ್ಚಿನಲ್ಲಿ ಎರಕ ಹೊಯ್ಯುವುದೂ ಇದೇ ತತ್ವ. ವಸಡಿನ ಕಡೆಗೆ ಬೇಕಾದ ಆಕಾರ ಸಿಕ್ಕಿತು. ಆದರೆ ಅಡಿಯ ಜೋಡಣೆಯನ್ನೂ ಪ್ಲಾಸ್ಟಿಕ್‌ನಿಂದಲೇ ಎರಕ ಹೊಯ್ದಾಗ ಲೋಹ ಆರುತ್ತಾ ಕುಗ್ಗುತ್ತದೆ, ಮೈ ಒರಟಾಗುತ್ತದೆ. ಆದ್ದರಿಂದ ಅಡಿಯ ಉಂಗುರವನ್ನು ಕಾರ್ಖಾನೆಯಲ್ಲೇ ಕಡೆದು, ಮೇಲಿನದನ್ನು ಮಾತ್ರ ಎರಕ ಹೊಯ್ಯುವ ತುಣುಕುಗಳು ಬಂದವು. ಎರಡು ತುದಿಗೆ ಎರಡು ನ್ಯಾಯ ಎಂಬ ತತ್ವ ಆಗಲೇ ಗೊತ್ತಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಅಗ್ಗವಾಗಲಿ ಎಂದು ಪೂರಾ ಪ್ಲಾಸ್ಟಿಕ್ಕಿನದನ್ನೇ ಬಳಸುವ ಪದ್ಧತಿ ಮಾತ್ರ ಇನ್ನೂ ಉಳಿದುಕೊಂಡಿದೆ.

ಕ್ಯಾಪನ್ನು ಕಂಬಕ್ಕೆ ಕೂರಿಸುವ ಅಂಟಿನ, ಅಂದರೆ ಸಿಮೆಂಟಿನ, ವಿಚಾರಕ್ಕೆ ಬರೋಣ, ಏಕೆಂದರೆ ಅಳತೆಗೆ ಮಾಡಿಸಿದ ಕಂಬದ ಪರವಾಗಿ ನನಗೆ ಅತಿ ಗಟ್ಟಿಯಾಗಿ ಕಾಣುವ ವಾದ ಇದೇ. ಸಿದ್ಧ ಕಂಬದ ಭುಜ, ಅಂದರೆ ಕ್ಯಾಪಿನ ಅಂಚು ಕೂರುವ ಗೆರೆ, ಸುತ್ತಲೂ ಒಂದೇ ಎತ್ತರದಲ್ಲಿರುತ್ತದೆ. ವಸಡು ಹಾಗಿಲ್ಲ. ಎರಡು ಹಲ್ಲುಗಳ ನಡುವೆ ಮೇಲೆ ಏರುತ್ತದೆ, ತುಟಿಯ ಕಡೆ ಇಳಿಯುತ್ತದೆ. ತುಟಿಯ ಕಡೆ ಗೆರೆ ಕಾಣದಂತೆ ಒಂದು ಮಿ.ಮೀ. ಒಳಗಿಟ್ಟರೆ ಹಲ್ಲುಗಳ ನಡುವೆ ಅದು ಮೂರು ಮಿ.ಮೀ. ಆಳಕ್ಕೆ ಹೋಗಿಬಿಡುತ್ತದೆ. ಕ್ಯಾಪನ್ನು ಸಿಮೆಂಟ್ ಹಾಕಿ ಒತ್ತಿದಾಗ ಹೆಚ್ಚಾದದ್ದು ಅಷ್ಟು ಆಳದಲ್ಲಿ ಉಳಿಯುತ್ತದೆ; ಕಣ್ಣಿಗೆ ಬೀಳುವುದಿಲ್ಲ, ಉಪಕರಣಕ್ಕೂ ಸಿಕ್ಕುವುದಿಲ್ಲ. ಲಿಥುವೇನಿಯಾದ ತೋಮಸ್ ಲಿಂಕೆವಿಚ್ಯುಸ್ ಮತ್ತು ಜೊತೆಗಾರರು ಗೆರೆಯನ್ನು ಒಂದೊಂದೇ ಮಿಲಿಮೀಟರ್ ಆಳಕ್ಕೆ ಇಳಿಸುತ್ತಾ ಅಳೆದು, ಆಳ ಹೆಚ್ಚಿದಷ್ಟೂ ಉಳಿದುಹೋಗುವ ಸಿಮೆಂಟ್ ಹೆಚ್ಚು ಎಂದು ತೋರಿಸಿದರು. ಅಮೆರಿಕದ ಥಾಮಸ್ ವಿಲ್ಸನ್ 2009ರಲ್ಲಿ ವಸಡಿನೊಳಗೆ ಪುಟ್ಟ ಎಂಡೋಸ್ಕೋಪ್ ಇಳಿಸಿ, ಉರಿಯೂತವಿದ್ದ ಇಂಪ್ಲಾಂಟ್‌ಗಳನ್ನು ನೋಡಿದರು: 81 ಶೇಕಡಾ ಪ್ರಕರಣಗಳಲ್ಲಿ ಹೆಚ್ಚುವರಿ ಸಿಮೆಂಟ್ ಇತ್ತು. ಅದನ್ನು ತೆಗೆದ ಮೇಲೆ 74 ಶೇಕಡಾ ಇಂಪ್ಲಾಂಟ್‌ಗಳಲ್ಲಿ ಕಾಯಿಲೆಯ ಚಿಹ್ನೆಗಳು ಹೋದವು. ಆ ಅಧ್ಯಯನದಲ್ಲಿದ್ದವರು 39 ಮಂದಿ ಮಾತ್ರ, ಆದರೆ ಕಾರಣ ಕಣ್ಣಿಗೆ ಕಂಡಿತ್ತು, ತೆಗೆದಾಗ ಗುಣವಾದದ್ದೂ ಕಂಡಿತ್ತು. ಸಿಮೆಂಟ್ ಹಾಕಿದ ಹಲ್ಲಿನ ಸುತ್ತ ವಸಡಿನಲ್ಲಿ ರಕ್ತ ಬಂದಾಗಲೆಲ್ಲ ನಾನು ಮೊದಲು ಅನುಮಾನಿಸುವುದು ಇದನ್ನೇ.

ಕಸ್ಟಮ್ ಕಂಬದಲ್ಲಿ ಆ ಗೆರೆ ವಸಡಿನ ಏರಿಳಿತವನ್ನೇ ಅನುಸರಿಸುತ್ತದೆ. ಸುತ್ತಲೂ ಅರ್ಧ ಮಿ.ಮೀ. ಒಳಗೆ. ಇನ್ನೂ ಒಳ್ಳೆಯ ದಾರಿ ಎಂದರೆ ಬಾಯೊಳಗೆ ಸಿಮೆಂಟನ್ನೇ ಬಿಡುವುದು: ಕ್ಯಾಪನ್ನು ಹೊರಗೇ ಕಂಬಕ್ಕೆ ಅಂಟಿಸಿ, ಒರೆಸಿ ಪಾಲಿಶ್ ಮಾಡಿ, ಒಟ್ಟಾಗಿ ಸ್ಕ್ರೂ ಹಾಕುವುದು. ಇವತ್ತು ‘ಟೈ-ಬೇಸ್’ ಎಂಬ ಪದ್ಧತಿ ಇಷ್ಟು ಹರಡಿರುವುದಕ್ಕೆ ಇದೇ ಕಾರಣ. ಕಾರ್ಖಾನೆಯಲ್ಲಿ ಮಾಡಿದ ಗಿಡ್ಡ ಟೈಟಾನಿಯಂ ಅಡಿಗಟ್ಟು. ಅದರ ಮೇಲೆ ಆ ರೋಗಿಗಾಗಿಯೇ ಕಡೆದ ಜಿರ್ಕೋನಿಯಾ, ಅಂದರೆ ಪಿಂಗಾಣಿಯಂಥ ಗಟ್ಟಿ ಬಿಳಿ ವಸ್ತು. ಕೆಳಗಿನದು ಸಿದ್ಧ, ಮೇಲಿನದು ಅಳತೆಯದು. ಸರಿಯಾಗಿ ಮಾಡಿದರೆ ನಾನು ಹೇಳುತ್ತಿರುವ ವಿಂಗಡಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಸರಿಯಾಗಿ ಮಾಡುವುದೆಂದರೆ ಎರಡೂ ಮೈಗಳನ್ನು ಮರಳು ಹೊಡೆದು ಒರಟು ಮಾಡಿ, ತಕ್ಕ ಪ್ರೈಮರ್ ಹಚ್ಚಿ, ರೆಸಿನ್ ಸಿಮೆಂಟ್‌ನಲ್ಲಿ ಅಂಟಿಸುವುದು. ಆತುರದಲ್ಲಿ ಅಂಟಿಸಿದ್ದು ಆರು ತಿಂಗಳಿಗೆ ಬಿಚ್ಚಿಕೊಂಡು ಬರುತ್ತದೆ, ರೋಗಿ ಅಂಗೈಯಲ್ಲಿ ಹಿಡಿದುಕೊಂಡು ಬರುತ್ತಾರೆ.

ಪೂರಾ ಜಿರ್ಕೋನಿಯಾ ಕಂಬವನ್ನು ನೇರವಾಗಿ ಟೈಟಾನಿಯಂ ಇಂಪ್ಲಾಂಟ್‌ನೊಳಗೆ ಕೂರಿಸುವುದನ್ನು ಮಾತ್ರ ನಾನು ಬಿಟ್ಟಿದ್ದೇನೆ. ಜಿರ್ಕೋನಿಯಾ ಗಡಸು, ಟೈಟಾನಿಯಂ ಮೆದು. ಜಗಿಯುವಾಗಿನ ಸೂಕ್ಷ್ಮ ಅಲುಗಾಟದಲ್ಲಿ ಸವೆಯುವುದು ಇಂಪ್ಲಾಂಟ್‌ನ ಒಳಮೈ. ಕಂಬ ಹಾಳಾದರೆ ಬೇರೆ ತರಿಸಬಹುದು, ಮೂಳೆಯೊಳಗೆ ಬೆಸೆದ ಇಂಪ್ಲಾಂಟ್‌ನ ಒಳಮೈ ಹಾಳಾದರೆ ಏನೂ ಮಾಡಲಾಗುವುದಿಲ್ಲ. ಬದಲಾಯಿಸಬಹುದಾದದ್ದು ಸವೆಯಲಿ, ಬದಲಾಯಿಸಲಾಗದ್ದು ಉಳಿಯಲಿ ಎಂಬುದು ಇಲ್ಲಿ ಆಯ್ಕೆಯ ಸೂತ್ರ.

ಮುಂದಿನ ಹಲ್ಲುಗಳಲ್ಲಿ ಬಣ್ಣದ ಮಾತೂ ಇದೆ. ತೆಳು ವಸಡಿನವರಲ್ಲಿ ಟೈಟಾನಿಯಂನ ಬೂದುಬಣ್ಣ ಹೊರಗೆ ಇಣುಕುತ್ತದೆ. ಸ್ವಿಟ್ಜರ್ಲೆಂಡ್‌ನ ರೊನಾಲ್ಡ್ ಯುಂಗ್ ಮತ್ತು ಸಂಗಡಿಗರು 2007ರಲ್ಲಿ ಹಂದಿಯ ದವಡೆಗಳ ಮೇಲೆ ಪ್ರಯೋಗ ಮಾಡಿ, ವಸಡು 3 ಮಿ.ಮೀ. ದಪ್ಪವಿದ್ದರೆ ಕೆಳಗೆ ಯಾವ ವಸ್ತುವಿದ್ದರೂ ಕಣ್ಣಿಗೆ ಗೊತ್ತಾಗದು, 2 ಮಿ.ಮೀ. ಇದ್ದಾಗ ಜಿರ್ಕೋನಿಯಾ ಬಣ್ಣಗೆಡಿಸದು ಎಂದು ಕಂಡರು. ಮದುವೆಗೆ ಮೂರು ತಿಂಗಳಿದ್ದಾಗ ಮೇಲಿನ ನಡುಹಲ್ಲಿನ ಬುಡದಲ್ಲಿ ಬೂದು ನೆರಳು ಇಟ್ಟುಕೊಂಡು ಬಂದ ಹುಡುಗಿಯೊಬ್ಬಳು ನನ್ನ ನೆನಪಿನಲ್ಲಿದ್ದಾಳೆ. ನಗುವಾಗಲೆಲ್ಲ ಕೈ ಬಾಯಿಗೆ ಹೋಗುತ್ತಿತ್ತು. ಅವಳ ಇಂಪ್ಲಾಂಟ್‌ಗೆ ಏನೂ ಆಗಿರಲಿಲ್ಲ. ಸಿದ್ಧ ಲೋಹದ ಕಂಬ ತೆಗೆದು, ತಾತ್ಕಾಲಿಕ ಹಲ್ಲಿನಲ್ಲಿ ವಸಡನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪ ಒತ್ತುತ್ತಾ ತ್ರಿಕೋನದ ಆಕಾರಕ್ಕೆ ತಂದು, ಆ ಆಕಾರವನ್ನೇ ನಕಲು ಮಾಡಿ ಟೈ-ಬೇಸ್ ಮೇಲೆ ಜಿರ್ಕೋನಿಯಾ ಕಟ್ಟಿಸಿದೆವು. ಇಂಥ ಜಾಗದಲ್ಲಿ ಸಿದ್ಧ ಕಂಬ ಸಾಕು ಎನ್ನುವವರ ಜೊತೆ ನನಗೆ ಒಪ್ಪಿಗೆಯಿಲ್ಲ.

ಹಾಗೆಂದು ಕಸ್ಟಮ್ ಎಂದಾಕ್ಷಣ ವಸಡಿಗೆ ಒಳ್ಳೆಯದು ಎಂದೂ ಇಲ್ಲ. ಕಂಪ್ಯೂಟರ್ ಪರದೆಯ ಮೇಲೆ ಬೇಕಾದಷ್ಟು ಉಬ್ಬಿಸಬಹುದು, ತಡೆಯುವವರಿಲ್ಲ. 2018ರಲ್ಲಿ ಪ್ರಕಟವಾದ ಎಕ್ಸ್-ರೇ ಆಧಾರಿತ ಅಧ್ಯಯನವೊಂದರಲ್ಲಿ, ತಲೆ ಮೂಳೆಯ ಮಟ್ಟಕ್ಕೇ ಕೂರುವ ಇಂಪ್ಲಾಂಟ್‌ಗಳ ಮೇಲಿನ ಹಲ್ಲು 30 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಹಿಗ್ಗಿದ್ದಲ್ಲಿ 31.3 ಶೇಕಡಾ ಇಂಪ್ಲಾಂಟ್‌ಗಳ ಸುತ್ತ ಮೂಳೆ ತಿನ್ನುವ ಸೋಂಕು ಕಂಡಿತು. ಅದಕ್ಕಿಂತ ಕಡಿಮೆ ಓರೆಯಿದ್ದಲ್ಲಿ 15.1 ಶೇಕಡಾ. ಉಬ್ಬಿದ ಗೋಡೆಯ ಕೆಳಗೆ ಬ್ರಷ್ ಹೋಗುವುದಿಲ್ಲ, ಕಾರಣ ಅಷ್ಟು ಸರಳ. ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಸಿದ್ಧ ಮತ್ತು ಕಸ್ಟಮ್ ಕಂಬಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನಗಳಲ್ಲಿ, ಕೆಲವು ವರ್ಷಗಳ ಅವಧಿಯಲ್ಲಿ, ಮೂಳೆಯ ಸವೆತದಲ್ಲಿ ದೊಡ್ಡ ಅಂತರವೇನೂ ಸ್ಪಷ್ಟವಾಗಿ ಕಂಡಿಲ್ಲ. ಹಿಂದಿನ ಹಲ್ಲು, ದಪ್ಪ ವಸಡು, ನೇರವಾಗಿ ಕೂತ ಇಂಪ್ಲಾಂಟ್ ಇದ್ದರೆ, ಒಳ್ಳೆಯ ಸಿದ್ಧ ಕಂಬ ಹಾಕಿದ ವೈದ್ಯರು ನಿಮಗೆ ಮೋಸ ಮಾಡಿಲ್ಲ.

ಈಗ ಕೆಳಗಿನ ತುದಿಗೆ ಬರುತ್ತೇನೆ, ಅಡಿಕೆ ಬೆಳೆಗಾರರ ಹಲ್ಲು ಸಡಿಲಾದ ಜಾಗಕ್ಕೆ.

ಅಬಟ್‌ಮೆಂಟ್ ಸ್ಕ್ರೂ ಬಿಗಿಯುವುದು ಕೈಯ ಅಂದಾಜಿನಲ್ಲಲ್ಲ. ಅನೇಕ ಕಂಪನಿಗಳು 35 ನ್ಯೂಟನ್-ಸೆಂಟಿಮೀಟರ್ ಎಂದು ಹೇಳುತ್ತವೆ. ಒಂದು ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ ಸುಮಾರು ಮೂರೂವರೆ ಕಿಲೋ ತೂಗಿಬಿಟ್ಟಷ್ಟು. ಅದಕ್ಕೆ ಎಷ್ಟು ಬಿಗಿದಿದೆ ಎಂದು ತೋರಿಸುವ ರ‍್ಯಾಚೆಟ್ ಹಿಡಿ ಇರುತ್ತದೆ. ಬಿಗಿದಾಗ ಸ್ಕ್ರೂ ಕೂದಲೆಳೆಯಷ್ಟೂ ಇಲ್ಲದ ಪ್ರಮಾಣದಲ್ಲಿ ಎಳೆದುಕೊಳ್ಳುತ್ತದೆ, ಸ್ಪ್ರಿಂಗಿನಂತೆ ವಾಪಸ್ ಕುಗ್ಗಲು ನೋಡುತ್ತಾ ಕಂಬವನ್ನು ಇಂಪ್ಲಾಂಟ್‌ಗೆ ಒತ್ತಿ ಹಿಡಿಯುತ್ತದೆ. ಜಗಿಯುವ ಭಾರವನ್ನು ಹೊರಬೇಕಾದದ್ದು ಗೋಡೆಗೆ ಗೋಡೆ ಸೇರಿದ ಲೋಹದ ಮೈ. ಸ್ಕ್ರೂವಿನ ಕೆಲಸ ಬರೀ ಹಿಡಿದಿರುವುದು. ಗೋಡೆಗಳು ಸರಿಯಾಗಿ ಸೇರದಿದ್ದರೆ ಭಾರವೆಲ್ಲ ಸ್ಕ್ರೂವಿನ ಮೇಲೆ ಬೀಳುತ್ತದೆ. ದಿನಕ್ಕೆ ಸಾವಿರಾರು ಸಲ ಅಲುಗಿ ಅಲುಗಿ ಮೊದಲು ಸಡಿಲಾಗುತ್ತದೆ, ನಿರ್ಲಕ್ಷಿಸಿದರೆ ತುಂಡಾಗುತ್ತದೆ. ಪ್ರತಿ ಸಲ ಕಚ್ಚಿದಾಗ ಸಂದು ತೆರೆದು ಮುಚ್ಚುವುದರಿಂದ ಬಾಯಿಯ ನೀರು ಒಳಗೆ ಹೋಗಿಬರುತ್ತದೆ. ಒಂದೆರಡು ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಬ್ಯಾಕ್ಟೀರಿಯಾಗಳಿಗೆ ಅದು ಹೆಬ್ಬಾಗಿಲು. ಗುದ್ದಲಿಯ ಕಾವಾದರೆ ಬೆಣೆ ಹೊಡೆದು ಬಿಗಿ ಮಾಡಬಹುದಿತ್ತು. ಇಲ್ಲಿ ಬೆಣೆ ಇಲ್ಲ.

ಹಾಗಾದರೆ ಈ ಜೋಡಣೆಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲವೇ? ಇಲ್ಲ. ಬಲ್ಬು ಯಾವ ಕಂಪನಿಯದಾದರೂ ಮನೆಯ ಹೋಲ್ಡರ್‌ಗೆ ಕೂರುತ್ತದೆ. ಇಂಪ್ಲಾಂಟ್‌ಗಳಲ್ಲಿ ಅಂಥ ಒಪ್ಪಂದ ನಡೆದಿಲ್ಲ. ಐಎಸ್ಓ 14801 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ, ಆದರೆ ಅದು ಇಂಪ್ಲಾಂಟನ್ನು 30 ಡಿಗ್ರಿ ಓರೆಯಲ್ಲಿ ಲಕ್ಷಾಂತರ ಸಲ ಒತ್ತಿ ತಾಳಿಕೆ ಪರೀಕ್ಷಿಸುವ ವಿಧಾನ. ಒಳಗಿನ ಷಟ್ಕೋನ ಎಷ್ಟಿರಬೇಕು, ಓರೆಗೋಡೆ ಎಷ್ಟು ಡಿಗ್ರಿ ಇರಬೇಕು ಎಂದು ಅದು ಹೇಳುವುದಿಲ್ಲ. ಹಳೆಯ ಬ್ರೋನೆಮಾರ್ಕ್ ಷಟ್ಕೋನವನ್ನು ಎಷ್ಟೋ ಕಂಪನಿಗಳು ಅನುಸರಿಸಿದ್ದರಿಂದ ಅದು ತಾನಾಗಿಯೇ ಒಂದು ಸಾಮಾನ್ಯ ಅಳತೆಯಾಯಿತು, ಅದಕ್ಕೆ ಬಿಡಿಭಾಗ ಇವತ್ತಿಗೂ ಸಿಗುತ್ತದೆ. ಆಮೇಲೆ ಬಂದ, ಕಂಬದ ತುದಿ ಇಂಪ್ಲಾಂಟ್‌ನ ಒಳಗೆ ಕೂರುವ ಒಳಜೋಡಣೆಗಳು ಕಂಪನಿಗೊಂದು ತರ, ಒಂದೇ ಕಂಪನಿಯಲ್ಲೂ ವ್ಯಾಸಕ್ಕೊಂದು ತರ. ಡ್ರೈವರ್‌ಗಳೂ ಹಾಗೆಯೇ: ಷಟ್ಕೋನದಲ್ಲೇ 1.20, 1.25, 1.27, ಅದರ ಮೇಲೆ ನಕ್ಷತ್ರ, ಚೌಕ. ನನ್ನ ಡ್ರಾಯರಿನಲ್ಲಿ ಹನ್ನೊಂದು ಬಗೆಯವಿವೆ, ಸಾಕಾಗುವುದಿಲ್ಲ.

ಈ ಜಾಗದಲ್ಲೇ ‘ಹೊಂದುವ’ ಭಾಗಗಳ ಮಾರುಕಟ್ಟೆ ಬೆಳೆದಿರುವುದು. ಬೇರೊಬ್ಬರು ಮಾಡಿದ ಇಂಪ್ಲಾಂಟ್‌ಗೆ ಕೂರುವಂತೆ ಇನ್ನೊಬ್ಬರು ಕಂಬ, ಸ್ಕ್ರೂ ಮಾಡುತ್ತಾರೆ. ಬೆಲೆ ಸಾಕಷ್ಟು ಕಡಿಮೆ. ಇವರಲ್ಲಿ ನಿಜವಾಗಿ ನಿಖರವಾಗಿ ಮಾಡುವವರೂ ಇದ್ದಾರೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಮೂಲ ಕಂಪನಿಯ ನಕ್ಷೆ ಅವರ ಬಳಿ ಇರುವುದಿಲ್ಲ. ಕೆಲವು ತುಣುಕುಗಳನ್ನು ಅಳೆದು, ಮಧ್ಯಮ ಅಳತೆ ಊಹಿಸಿ ಮಾಡಬೇಕು. ಎಷ್ಟು ಮೈಕ್ರಾನ್ ಸಡಿಲು ಬಿಡಬಹುದು ಎಂಬುದು ಆ ಊಹೆಯಲ್ಲಿ ಸೇರಿಕೊಂಡಿರುತ್ತದೆ. ಕೂರಿಸಿದಾಗ ಕೈಗೆ ಏನೂ ಗೊತ್ತಾಗುವುದಿಲ್ಲ, ಎಕ್ಸ್-ರೇಯಲ್ಲೂ ಅಷ್ಟು ಸಣ್ಣ ಸಂದು ಕಾಣುವುದಿಲ್ಲ. ಗೊತ್ತಾಗುವುದು ನಾಲ್ಕು ವರ್ಷದ ಮೇಲೆ, ಹಲ್ಲು ಆಡಿದಾಗ.

ಲ್ಯಾಬ್‌ಗಳಲ್ಲಿ ಏನಾಗುತ್ತದೆಂದು ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕಸ್ಟಮ್ ಅಬಟ್‌ಮೆಂಟ್ ಮಾಡುವ ದಾರಿ ಎರಡು. ಒಂದರಲ್ಲಿ ಟೈಟಾನಿಯಂನ ಸಿಲಿಂಡರ್ ಬರುತ್ತದೆ, ಅದರ ಅಡಿಯ ಜೋಡಣೆ ಕಾರ್ಖಾನೆಯಲ್ಲೇ ಕಡೆದಾಗಿರುತ್ತದೆ. ಲ್ಯಾಬ್‌ನ ಯಂತ್ರ ಮೇಲ್ಭಾಗವನ್ನು ಮಾತ್ರ ಕಡೆಯುತ್ತದೆ. ಇನ್ನೊಂದರಲ್ಲಿ ದೊಡ್ಡ ಟೈಟಾನಿಯಂ ತಟ್ಟೆಯಿಂದ ಇಡೀ ತುಣುಕನ್ನು, ಜೋಡಣೆಯೂ ಸೇರಿ, ಲ್ಯಾಬ್‌ನಲ್ಲೇ ಕಡೆಯುತ್ತಾರೆ. ಕಡೆಯುವ ಬಿಟ್ ಸವೆದಂತೆ ಷಟ್ಕೋನದ ಮೂಲೆಗಳು ಬದಲಾಗುತ್ತವೆ. ಬಿಲ್ಲಿನಲ್ಲಿ ಎರಡಕ್ಕೂ ‘ಕಸ್ಟಮ್ ಟೈಟಾನಿಯಂ ಅಬಟ್‌ಮೆಂಟ್’ ಎಂದೇ ಇರುತ್ತದೆ. ಸಾಫ್ಟ್‌ವೇರ್ ಪಟ್ಟಿಯಲ್ಲಿ ಇಂಪ್ಲಾಂಟ್‌ನ ಹೆಸರು, ವ್ಯಾಸ ಆರಿಸುವಾಗ 4.3 ಮಿ.ಮೀ. ಬದಲು 3.5 ಒತ್ತಿದರೂ ತುಣುಕು ತಯಾರಾಗುತ್ತದೆ. ಸ್ಕ್ಯಾನ್ ಮಾಡಲು ಇಂಪ್ಲಾಂಟ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಗುರುತುಕಡ್ಡಿಯನ್ನು ಹತ್ತಾರು ಸಲ ಆಟೋಕ್ಲೇವ್‌ಗೆ, ಅಂದರೆ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರಕ್ಕೆ, ಹಾಕಿ ಮತ್ತೆ ಬಳಸಿದ್ದರೆ ಅಳತೆ ಅಲ್ಲೇ ಜಾರಿರುತ್ತದೆ. ಲ್ಯಾಬ್‌ನ ಹುಡುಗರನ್ನು ದೂರಿ ಪ್ರಯೋಜನವಿಲ್ಲ. ವೈದ್ಯರು ಕಳಿಸುವ ಚೀಟಿಯಲ್ಲಿ ಇಂಪ್ಲಾಂಟ್‌ನ ಹೆಸರು, ವ್ಯಾಸ, ಜೋಡಣೆ ಯಾವ ಬಗೆಯದು, ಅಡಿ ಕಾರ್ಖಾನೆಯದೇ ಬೇಕೆಂಬುದು ಬರೆದಿರಬೇಕು. ಎಷ್ಟು ಚೀಟಿಗಳಲ್ಲಿ ಬರೆದಿರುತ್ತದೆ ಎಂದು ಒಬ್ಬ ಹಿರಿಯ ಟೆಕ್ನೀಷಿಯನ್‌ರನ್ನು ಕೇಳಿದ್ದೆ. ಅವರು ಉತ್ತರ ಕೊಡದೆ, ಆ ದಿನ ಬಂದ ಚೀಟಿಗಳ ಕಟ್ಟನ್ನೇ ನನ್ನ ಮುಂದಿಟ್ಟರು. ಹೆಚ್ಚಿನವುಗಳಲ್ಲಿ ಹಲ್ಲಿನ ಸಂಖ್ಯೆ ಮತ್ತು ಬಣ್ಣ ಮಾತ್ರ ಇತ್ತು.

ಕಾನೂನು ಇದನ್ನು ಹೇಗೆ ನೋಡುತ್ತದೆ? ಅಮೆರಿಕದಲ್ಲಿ ಅಬಟ್‌ಮೆಂಟ್ ಎರಡನೇ ದರ್ಜೆಯ ವೈದ್ಯಕೀಯ ಸಾಧನ, ಮಾರುವ ಮುನ್ನ ಅಲ್ಲಿನ ಔಷಧ, ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಬೇಕು. ನಮ್ಮಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ, 2018ರ ಜನವರಿ 1ರಿಂದ ಜಾರಿಯಲ್ಲಿವೆ. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಅದರಡಿ ಬಂದವು. ವೈದ್ಯರ ಲಿಖಿತ ಸೂಚನೆಯಂತೆ, ಅವರ ಜವಾಬ್ದಾರಿಯಲ್ಲಿ, ಒಬ್ಬನೇ ರೋಗಿಗಾಗಿ ಮಾಡಿದ ಸಾಧನಕ್ಕೆ ಆ ನಿಯಮಗಳಲ್ಲಿ ಪ್ರತ್ಯೇಕ ವ್ಯಾಖ್ಯೆಯಿದೆ, ವಿನಾಯಿತಿಗಳೂ ಇವೆ. ಅದು ನ್ಯಾಯವೇ, ಒಂದೊಂದು ಹಲ್ಲಿಗೂ ಪರವಾನಗಿ ಕೇಳಲಾಗದು. ಆದರೆ ವಿನಾಯಿತಿ ಸಿಕ್ಕಿದ ಕಡೆ ಹೊಣೆ ಪೂರಾ ಬರೆದುಕೊಟ್ಟ ವೈದ್ಯರ ಮೇಲೆ ಬರುತ್ತದೆ. ವಸಡಿನ ಕಡೆಯ ಆಕಾರಕ್ಕೆ ನಾನು ಹೊಣೆ ಹೊರಬಲ್ಲೆ, ಅದನ್ನು ಕಣ್ಣಾರೆ ನೋಡಿ ತಿದ್ದಬಲ್ಲೆ. ಮೈಕ್ರಾನ್‌ಗಳ ಜೋಡಣೆಗೆ ನನ್ನ ಕ್ಲಿನಿಕ್‌ನಲ್ಲಿ ಕುಳಿತು ಹೇಗೆ ಹೊಣೆ ಹೊರಲಿ? ಆ ಭಾಗವನ್ನು ಪರೀಕ್ಷೆಗೊಳಪಟ್ಟ ಕಾರ್ಖಾನೆಯಿಂದಲೇ ತರಿಸಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೆ.

ಸಿದ್ಧ ಭಾಗವೇ ಎಲ್ಲ ರೀತಿಯಿಂದಲೂ ಮೇಲು ಎನ್ನಿಸುವ ಸಂದರ್ಭಗಳೂ ಇವೆ, ಅವುಗಳ ಬಗ್ಗೆ ಮಾತು ಕಡಿಮೆ. ಹಲ್ಲೆಲ್ಲ ಹೋದ ಹಿರಿಯರನ್ನು ತೆಗೆದುಕೊಳ್ಳಿ. ಕೆಳಗಿನ ಸೆಟ್ ನಿಲ್ಲುವುದಿಲ್ಲ, ಮಾತಾಡುವಾಗ ಏಳುತ್ತದೆ, ರೊಟ್ಟಿ ಜಗಿಯಲಾಗದು. 2002ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್‌ಗಳ ಮೇಲೆ ನಿಲ್ಲುವ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂದರು. ಅದಕ್ಕೆ ಬೇಕಾದದ್ದು ಎರಡು ಸಿದ್ಧ ಗುಂಡಿಗಳು, ಸೆಟ್ಟಿನೊಳಗೆ ಎರಡು ನೈಲಾನ್ ಟೋಪಿಗಳು. ಅಂಗಿಯ ಪ್ರೆಸ್ ಬಟನ್ ಇದ್ದಂತೆ. ಟೋಪಿ ಸವೆದರೆ ಹತ್ತು ನಿಮಿಷದಲ್ಲಿ ಬದಲಾಯಿಸಬಹುದು. ತಾಳಗುಪ್ಪದ ಅಜ್ಜಿಗೆ ಬೇಕಾದದ್ದು ಹತ್ತಿರದ ಪೇಟೆಯಲ್ಲಿ ಸಿಗುವ ಟೋಪಿ, ಬೆಂಗಳೂರಿನಿಂದ ತರಿಸಬೇಕಾದ ವಿಶೇಷ ತುಣುಕಲ್ಲ. ಪೋರ್ಚುಗಲ್‌ನ ದಂತವೈದ್ಯ ಪಾಲೋ ಮಾಲೋ ಹೆಸರಿನೊಂದಿಗೆ ಪ್ರಸಿದ್ಧವಾದ, ನಾಲ್ಕು ಇಂಪ್ಲಾಂಟ್ ಮೇಲೆ ಇಡೀ ಸಾಲು ಕಟ್ಟುವ ವಿಧಾನದಲ್ಲೂ 17, 30 ಡಿಗ್ರಿ ಓರೆಯ ಸಿದ್ಧ ಕಂಬಗಳೇ ಬೆನ್ನೆಲುಬು. ಅವುಗಳ ಮೇಲೆ ಹಲ್ಲಿನ ಸಾಲು ಎಷ್ಟು ಬೇಕಾದರೂ ಕಸ್ಟಮ್ ಆಗಿರಲಿ.

ಬಿಡಿಭಾಗ ಸಿಗುವ ಮಾತು ಬರೀ ಹಳ್ಳಿಯದಲ್ಲ. ರಜೆಗೆ ಊರಿಗೆ ಬಂದಾಗ ಇಂಪ್ಲಾಂಟ್ ಹಾಕಿಸಿಕೊಂಡು ದುಬೈಗೋ ನ್ಯೂಜೆರ್ಸಿಗೋ ಮರಳುವ ನಮ್ಮವರು ಬಹಳ ಮಂದಿ. ಅಲ್ಲಿ ಸ್ಕ್ರೂ ಸಡಿಲಾದರೆ ಅಲ್ಲಿನ ವೈದ್ಯರು ಕೇಳುವ ಮೊದಲ ಪ್ರಶ್ನೆ ಯಾವ ಕಂಪನಿ, ಯಾವ ಅಳತೆ ಎಂಬುದು. ನನಗೆ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಎಕ್ಸ್-ರೇ ಕಳಿಸಿ “ಸರ್, ಇದು ಯಾವ್ದು ಅಂತ ಹೇಳಕ್ಕಾಗತ್ತಾ?” ಎಂದು ಕೇಳುವವರಿದ್ದಾರೆ, ಅದರಲ್ಲಿ ನಾನು ಹಾಕದ ಇಂಪ್ಲಾಂಟ್‌ಗಳೇ ಹೆಚ್ಚು.

ಯುರೋಪ್ ಒಕ್ಕೂಟದಲ್ಲಿ 2021ರ ಮೇ 26ರಿಂದ ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮದಂತೆ, ದೇಹದಲ್ಲಿ ಇಂಪ್ಲಾಂಟ್ ಇಟ್ಟವರಿಗೆ ಅದರ ಹೆಸರು, ಸಂಖ್ಯೆ, ತಯಾರಕರ ವಿವರವಿರುವ ಕಾರ್ಡು ಕೊಡಬೇಕು. ಒಳ್ಳೆಯ ನಿಯಮ. ಆದರೆ ಹಲ್ಲಿನ ಕ್ಯಾಪು, ಸ್ಕ್ರೂ, ಜೋಡಣೆಯ ತುಣುಕುಗಳಂಥವನ್ನು ಅದು ಕೈಬಿಟ್ಟಿದೆ. ಬೇರಿಗೆ ದಾಖಲೆಯಿದೆ, ಬೇರಿಗೂ ಹಲ್ಲಿಗೂ ನಡುವಿನ ಕೊಂಡಿಗೆ ಇಲ್ಲ. ರಿಪೇರಿಗೆ ಬರುವುದು ಹೆಚ್ಚಾಗಿ ಆ ಕೊಂಡಿಯೇ. ನಮ್ಮಲ್ಲಿ ವೈದ್ಯರು ಕಾನೂನಿಗೆ ಕಾಯದೆ ಈ ಚೀಟಿ ಬರೆದು ಕೊಡಬಹುದು, ಅದಕ್ಕೆ ಎರಡು ನಿಮಿಷ ಸಾಕು. ರೋಗಿಗಳೂ ಕೇಳಿ ಪಡೆಯಬೇಕು. ಕಸ್ಟಮ್ ಹಾಕುತ್ತೀರಾ ಎಂದು ಕೇಳುವುದಕ್ಕಿಂತ, ಇಂಪ್ಲಾಂಟ್‌ನೊಳಗೆ ಕೂರುವ ಭಾಗ ಯಾರು ಮಾಡಿದ್ದು, ಸ್ಕ್ರೂ ಯಾರದು, ಎಷ್ಟಕ್ಕೆ ಬಿಗಿಯುತ್ತೀರಿ, ಮುಂದೆ ಬಿಚ್ಚಲು ಆಗುತ್ತದೆಯೇ ಎಂದು ಕೇಳಿ. ಉತ್ತರ ಗೊತ್ತಿರುವ ವೈದ್ಯರಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ.

ಬೆಳೆಗಾರರ ಹಲ್ಲಿನ ಕತೆ ಮುಗಿಸುತ್ತೇನೆ. ಎಕ್ಸ್-ರೇಯಲ್ಲಿ ಇಂಪ್ಲಾಂಟ್‌ನ ಆಕಾರ, ಥ್ರೆಡ್‌ಗಳ ಅಂತರ, ಕುತ್ತಿಗೆಯ ಗೆರೆಗಳನ್ನು ನೋಡಿ ಕಂಪನಿ ಗುರುತಿಸಿದೆ. ಅದೇ ಕಂಪನಿಯ ಅಡಿಗಟ್ಟು, ಹೊಸ ಸ್ಕ್ರೂ ತರಿಸಿ, ಮೇಲಿನ ಆಕಾರವನ್ನು ಹಳೆಯ ತುಣುಕಿನಿಂದಲೇ ನಕಲು ಮಾಡಿಸಿದೆ. ಅದನ್ನು ಮಾಡಿದ ಟೆಕ್ನೀಷಿಯನ್ ಯಾರೋ, ವಸಡಿನ ಕಡೆ ಒಂದಿಷ್ಟೂ ತಪ್ಪಿರಲಿಲ್ಲ. ಇಂಪ್ಲಾಂಟ್‌ನ ಒಳಮೈ ಸ್ವಲ್ಪ ಸವೆದಿತ್ತು, ಆ ವಿಷಯ ಅವರಿಗೆ ಮುಚ್ಚಿಡಲಿಲ್ಲ. ಹೊಸ ಕಂಬವನ್ನು 35ಕ್ಕೆ ಬಿಗಿದು, ಹತ್ತು ನಿಮಿಷ ಕಾದು, ಲೋಹದ ಮೈಗಳು ಒಂದಕ್ಕೊಂದು ಕೂತ ಮೇಲೆ ಮತ್ತೊಮ್ಮೆ ಬಿಗಿದೆ. ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕೆಂದು ಹೇಳಿ, ಇಂಪ್ಲಾಂಟ್‌ನ ಹೆಸರು, ವ್ಯಾಸ, ಕಂಬ ಯಾವುದು, ಸ್ಕ್ರೂ ಯಾವುದು, ಡ್ರೈವರ್ 1.25 ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರಾ ಓದಿದರು. ಆಮೇಲೆ ನಾಲ್ಕು ಮಡಿಕೆ ಮಾಡಿ, ಬ್ಯಾಗಿನಲ್ಲಿದ್ದ ಪ್ಲಾಸ್ಟಿಕ್ ಕವರು ತೆಗೆದು, ತೋಟದ ಪಹಣಿಯ ಜೊತೆಗೆ ಸೇರಿಸಿಟ್ಟುಕೊಂಡರು.